ಡಯಾಲಿಸಿಸ್ ಗ್ರಾಫ್ಟ್‌ನೊಳಗೆ ರಕ್ತದ ಹರಿವು: ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ಹೇಗೆ?

ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ 250–300 ಮಿ.ಲೀ. ರಕ್ತ ಬೇಕು. ಕೆಲವು ಕಡೆ ಇನ್ನೂ ಜಾಸ್ತಿ ಎಳೆಯುತ್ತಾರೆ. ಕೈಯಲ್ಲಿ ಕಾಣುವ ಸಾಮಾನ್ಯ ವೇನ್‌ನಿಂದ ಅಷ್ಟು ರಕ್ತ ಸಿಗುವುದಿಲ್ಲ. ಅದಕ್ಕೇ ಶಸ್ತ್ರಚಿಕಿತ್ಸೆ ಮಾಡಿ ಆರ್ಟರಿಯನ್ನು ವೇನ್‌ಗೆ ಜೋಡಿಸುತ್ತಾರೆ. ನೇರವಾಗಿ ಜೋಡಿಸಿದರೆ ಅದು ಫಿಸ್ಟುಲಾ. 1966ರಲ್ಲಿ ನ್ಯೂಯಾರ್ಕ್‌ನ ಬ್ರೆಷಿಯಾ, ಚಿಮಿನೊ ಮತ್ತು ಜೊತೆಗಾರರು ವರದಿ ಮಾಡಿದ ವಿಧಾನ ಇದು. ರೋಗಿಯ ವೇನ್ ತೀರಾ ಸಣ್ಣದಿದ್ದರೆ, ಅಥವಾ ಹಳೆಯ ಫಿಸ್ಟುಲಾಗಳು ಕೆಟ್ಟಿದ್ದರೆ, ಎರಡರ ನಡುವೆ ಒಂದು ಕೃತಕ ಕೊಳವೆ ಹಾಕುತ್ತಾರೆ. ಅದೇ ಗ್ರಾಫ್ಟ್. ಟೆಫ್ಲಾನ್ ಜಾತಿಯ ಇ-ಪಿಟಿಎಫ್‌ಇ ಎಂಬ ವಸ್ತುವಿನಿಂದ ಮಾಡಿರುತ್ತಾರೆ. ವ್ಯಾಸ ಸಾಮಾನ್ಯವಾಗಿ 6 ಮಿ.ಮೀ.

ಗ್ರಾಫ್ಟ್ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ವೇನ್ ಸೇರುವ ತುದಿಯಲ್ಲಿ. ಅಲ್ಲಿ ವೇನ್‌ನ ಒಳಗೋಡೆ ದಪ್ಪವಾಗುತ್ತಾ ಹೋಗುತ್ತದೆ, ದಾರಿ ಕಿರಿದಾಗುತ್ತದೆ, ಹರಿವು ಇಳಿಯುತ್ತದೆ, ಕೊನೆಗೆ ರಕ್ತ ಹೆಪ್ಪುಗಟ್ಟಿ ಗ್ರಾಫ್ಟ್ ಮುಚ್ಚಿಹೋಗುತ್ತದೆ. ಗೋಡೆ ದಪ್ಪವಾಗುವುದಕ್ಕೂ ಅಲ್ಲಿನ ರಕ್ತದ ಓಟಕ್ಕೂ ಸಂಬಂಧ ಇದೆ ಅನ್ನುವುದರಿಂದಲೇ ಎಂಜಿನಿಯರ್‌ಗಳು ಈ ವಿಷಯಕ್ಕೆ ಕೈ ಹಾಕಿದ್ದು.

ಈ ಬರಹ ಆ ಲೆಕ್ಕವನ್ನು ಮೊದಲಿನಿಂದ ಮಾಡುವವರಿಗೆ. ಮೆಕ್ಯಾನಿಕಲ್ ಅಥವಾ ಬಯೋಮೆಡಿಕಲ್ ಓದುತ್ತಿರುವವರು, ಪ್ರಾಜೆಕ್ಟ್ ಹುಡುಕುತ್ತಿರುವ ಎಂ.ಟೆಕ್. ವಿದ್ಯಾರ್ಥಿಗಳು, ಕುತೂಹಲ ಇರುವ ಡಾಕ್ಟರುಗಳು ಯಾರು ಬೇಕಾದರೂ ಹಿಂಬಾಲಿಸಬಹುದು. ಸಾಫ್ಟ್‌ವೇರ್ ಎಲ್ಲವೂ ಉಚಿತ: ಆಕಾರಕ್ಕೆ 3ಡಿ ಸ್ಲೈಸರ್ ಮತ್ತು ಬ್ಲೆಂಡರ್ ಅಥವಾ ಫ್ರೀಕ್ಯಾಡ್, ಹರಿವಿಗೆ ಓಪನ್‌ಫೋಮ್, ಚಿತ್ರಕ್ಕೆ ಪ್ಯಾರಾವ್ಯೂ. ರಕ್ತನಾಳಕ್ಕೆಂದೇ ಮಾಡಿದ ಸಿಮ್‌ವಾಸ್ಕುಲರ್ ಕೂಡ ಇದೆ. ನಾನು ಇಲ್ಲಿ ಓಪನ್‌ಫೋಮ್ ಹಿಡಿದು ಹೇಳುತ್ತೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ತೋಳಿನ ಗ್ರಾಫ್ಟ್: ಮೊಣಕೈ ಮೇಲಿನ ಬ್ರೇಕಿಯಲ್ ಆರ್ಟರಿಯಿಂದ ಕಂಕುಳಿನ ಆಕ್ಸಿಲರಿ ವೇನ್‌ಗೆ.

1. ಮೊದಲು ಪ್ರಶ್ನೆ ಸಣ್ಣದು ಮಾಡಿಕೊಳ್ಳಿ

"ಗ್ರಾಫ್ಟ್‌ನಲ್ಲಿ ರಕ್ತ ಹೇಗೆ ಹರಿಯುತ್ತದೆ ನೋಡೋಣ" ಅಂತ ಹೊರಟರೆ ಬಣ್ಣದ ಚಿತ್ರಗಳು ಬರುತ್ತವೆ, ಉತ್ತರ ಬರುವುದಿಲ್ಲ. "ಗ್ರಾಫ್ಟ್ ವೇನ್‌ಗೆ 30 ಡಿಗ್ರಿಯಲ್ಲಿ ಸೇರುವುದಕ್ಕೂ 60 ಡಿಗ್ರಿಯಲ್ಲಿ ಸೇರುವುದಕ್ಕೂ ಗೋಡೆಯ ಮೇಲೆ ಏನು ವ್ಯತ್ಯಾಸ?" ಇದು ಪ್ರಶ್ನೆ. "ವೇನ್ ತುದಿ ಅರ್ಧ ಕಿರಿದಾದರೆ ಹರಿವು ಎಷ್ಟು ಇಳಿಯುತ್ತದೆ?" ಇದೂ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಮಾದರಿ ಬೇಕು ಅನ್ನುವುದು ಮುಂದೆ ಗೊತ್ತಾಗುತ್ತದೆ.

2. ಕಾಗದದ ಮೇಲೆ ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅರ್ಧ ಗಂಟೆಯ ಕೆಲಸ. ಆದರೆ ಕಂಪ್ಯೂಟರ್ ಕೊಡುವ ಅಂಕಿ ನಂಬಬಹುದೋ ಇಲ್ಲವೋ ಅಂತ ಹೇಳುವುದು ಇದೊಂದೇ.

ಚೆನ್ನಾಗಿ ಕೆಲಸ ಮಾಡುವ ಗ್ರಾಫ್ಟ್‌ನಲ್ಲಿ ನಿಮಿಷಕ್ಕೆ ಸುಮಾರು 1 ಲೀಟರ್ ರಕ್ತ ಹರಿಯುತ್ತದೆ. 600 ಮಿ.ಲೀ.ಗಿಂತ ಕೆಳಗಿಳಿದರೆ ಕಿಡ್ನಿ ತಜ್ಞರು ಕಾಳಜಿ ಮಾಡಲು ಶುರು ಮಾಡುತ್ತಾರೆ. ರಕ್ತದ ಸಾಂದ್ರತೆ ಘನ ಮೀಟರಿಗೆ 1060 ಕೆ.ಜಿ., ಸ್ನಿಗ್ಧತೆ (ವಿಸ್ಕಾಸಿಟಿ, ಅಂದರೆ ದ್ರವ ಎಷ್ಟು ಮಂದ ಅನ್ನುವುದು) 0.0035 ಪ್ಯಾಸ್ಕಲ್-ಸೆಕೆಂಡ್ ಅಂತ ಇಟ್ಟುಕೊಳ್ಳಿ.

6 ಮಿ.ಮೀ. ಕೊಳವೆಯಲ್ಲಿ 1 ಲೀಟರ್ ಹರಿದರೆ ಸರಾಸರಿ ವೇಗ ಸೆಕೆಂಡಿಗೆ 0.59 ಮೀಟರ್. ಹರಿವು ಶಾಂತವೋ ಕದಡಿದ್ದೋ ಅಂತ ಅಂದಾಜು ಕೊಡುವ ರೆನಾಲ್ಡ್ಸ್ ಸಂಖ್ಯೆ (ಸಾಂದ್ರತೆ ಗುಣಿಸು ವೇಗ ಗುಣಿಸು ವ್ಯಾಸ, ಭಾಗಿಸು ಸ್ನಿಗ್ಧತೆ) ಸುಮಾರು 1070. ನೇರ ಕೊಳವೆಯಲ್ಲಿ ಇದು ಶಾಂತವಾದ ಹರಿವು. ಆದರೆ ಗ್ರಾಫ್ಟ್ ಎಲ್ಲಿ ನೇರ ಕೊಳವೆ? ಬಾಗು ಇದೆ, ಓರೆಯಾಗಿ ಸೇರುವ ಎರಡು ಜೋಡಣೆಗಳಿವೆ, ಮೇಲೆ ನಾಡಿಯ ಬಡಿತ. ವೇನ್ ತುದಿಯಲ್ಲಿ ಇದೇ ಸಂಖ್ಯೆಗೆ ಹರಿವು ಕದಡಲು ಶುರುವಾಗುತ್ತದೆ. ಡಯಾಲಿಸಿಸ್ ಟೆಕ್ನಿಷಿಯನ್ ಗ್ರಾಫ್ಟ್ ಮೇಲೆ ಬೆರಳಿಟ್ಟು 'ಥ್ರಿಲ್' ಇದೆಯಾ ಅಂತ ನೋಡುತ್ತಾರಲ್ಲ, ಬೆರಳಿಗೆ ತಾಗುವುದು ಆ ಕದಡುವಿಕೆಯ ಕಂಪನವೇ.

ಮುಂದಿನದು ವಾಲ್ ಶಿಯರ್. ರಕ್ತ ಹರಿಯುವಾಗ ಗೋಡೆಯನ್ನು ಉಜ್ಜುವ ಬಲ, ಚದರ ಮೀಟರಿಗೆ ಇಷ್ಟು ಅಂತ. ಸೂತ್ರ: 32 ಗುಣಿಸು ಸ್ನಿಗ್ಧತೆ ಗುಣಿಸು ಹರಿವು, ಇದನ್ನು ಪೈ ಗುಣಿಸು ವ್ಯಾಸದ ಘನದಿಂದ ಭಾಗಿಸಿ. ಎಲ್ಲವನ್ನೂ ಮೀಟರ್ ಮತ್ತು ಸೆಕೆಂಡಿಗೆ ಬದಲಾಯಿಸಿಕೊಂಡೇ ಹಾಕಬೇಕು. ನಮ್ಮ ಗ್ರಾಫ್ಟ್‌ಗೆ 2.75 ಪ್ಯಾಸ್ಕಲ್ ಬರುತ್ತದೆ. ಸಾಮಾನ್ಯ ವೇನ್‌ನ ಗೋಡೆಗೆ ಅಭ್ಯಾಸವಾಗಿರುವುದು 0.1ರಿಂದ 0.6 ಪ್ಯಾಸ್ಕಲ್. ಕೆರೆ ಕಾಲುವೆಗೆ ಅಣೆಕಟ್ಟಿನ ನೀರು ಬಿಟ್ಟ ಹಾಗೆ. ಸೇರುವ ಜಾಗದಲ್ಲಿ ರಕ್ತ ವೇನ್‌ನ ನೆಲಕ್ಕೆ ನೇರವಾಗಿ ಬಡಿಯುವುದರಿಂದ ಅಲ್ಲಿ ಇನ್ನೂ ಹಲವು ಪಟ್ಟು ಜಾಸ್ತಿಯಾಗುತ್ತದೆ.

ಈಗ ಒತ್ತಡ. 30 ಸೆಂ.ಮೀ. ಉದ್ದದ ನೇರ ಗ್ರಾಫ್ಟ್‌ನಲ್ಲಿ ಬರೀ ಘರ್ಷಣೆಯಿಂದ ಇಳಿಯುವ ಒತ್ತಡ ಸುಮಾರು 550 ಪ್ಯಾಸ್ಕಲ್, ಅಂದರೆ ಪಾದರಸದ 4 ಮಿ.ಮೀ. ಅಷ್ಟೇ! ಆರ್ಟರಿಯಲ್ಲಿ ಸರಾಸರಿ 95, ವೇನ್‌ನಲ್ಲಿ 8 ಅಂತಿಟ್ಟುಕೊಂಡರೆ ಒಟ್ಟು 87 ಇಳಿಯಬೇಕು. ಉಳಿದದ್ದು ಎಲ್ಲಿ ಹೋಯಿತು? ರಕ್ತ ತರುವ ಆರ್ಟರಿಯಲ್ಲಿ, ಆರ್ಟರಿ ಕಡೆಯ ಜೋಡಣೆಯಲ್ಲಿ, ವೇನ್ ಕಡೆಯ ಜೋಡಣೆಯಲ್ಲಿ, ಆಮೇಲಿನ ವೇನ್‌ಗಳಲ್ಲಿ. ಅಂದರೆ ಎಷ್ಟು ರಕ್ತ ಹರಿಯಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಗ್ರಾಫ್ಟ್ ಅಲ್ಲ, ಅದರ ಎರಡು ತುದಿಗಳು ಮತ್ತು ಅವುಗಳ ಆಚೆ ಇರುವುದು. ನಿಮ್ಮ ಸಿಮ್ಯುಲೇಶನ್‌ನಲ್ಲೂ ಅಷ್ಟೇ: ತುದಿಗಳಲ್ಲಿ ನೀವು ಏನು ಹೇಳುತ್ತೀರೋ ಅದೇ ಉತ್ತರ.

3. ಆಕಾರ

ಮೊದಲ ಸಲ ಮಾಡುವವರು ರೋಗಿಯ ಸ್ಕ್ಯಾನ್‌ಗೆ ಹೋಗಬೇಡಿ. ಫ್ರೀಕ್ಯಾಡ್‌ನಲ್ಲಿ ಕೈಯಾರೆ ಒಂದು ಮಾದರಿ ಮಾಡಿ. 6 ಮಿ.ಮೀ. ಗ್ರಾಫ್ಟ್, 8 ಮಿ.ಮೀ. ವೇನ್, 45 ಡಿಗ್ರಿಯಲ್ಲಿ ಸೇರಲಿ. ಸೇರುವ ಅಂಚನ್ನು ಚೂಪಾಗಿ ಬಿಡಬೇಡಿ, ಸ್ವಲ್ಪ ದುಂಡಗೆ ಮಾಡಿ. ಹೊಲಿಗೆ ಹಾಕಿದ ಜಾಗ ನಿಜವಾಗಿ ಒಂದು ಹುಡ್‌ನ ಹಾಗೆ ಅಗಲವಾಗಿರುತ್ತದೆ. ಸರ್ಜನ್‌ಗಳು ಜೋಡಣೆಯ ಹಿಂದಿನ ಮೂಲೆಯನ್ನು ಹೀಲ್, ಹರಿವಿನ ದಿಕ್ಕಿನ ಮೂಲೆಯನ್ನು ಟೋ, ಎದುರು ಗೋಡೆಯನ್ನು ಫ್ಲೋರ್ ಅನ್ನುತ್ತಾರೆ. ಈ ಮೂರು ಹೆಸರು ಗುರುತು ಹಾಕಿಕೊಳ್ಳಿ. ಗೋಡೆ ದಪ್ಪವಾಗುವುದು ಈ ಮೂರರ ಸುತ್ತಮುತ್ತಲೇ.

ಗ್ರಾಫ್ಟ್‌ನ ಎಷ್ಟು ಉದ್ದ ಸೇರಿಸಬೇಕು? ಕೊಳವೆಯಲ್ಲಿ ಹರಿವು ಒಂದು ಹದಕ್ಕೆ ಬರಲು ಬೇಕಾದ ದೂರ ಸುಮಾರು 0.06 ಗುಣಿಸು ರೆನಾಲ್ಡ್ಸ್ ಗುಣಿಸು ವ್ಯಾಸ. ನಮ್ಮ ಲೆಕ್ಕಕ್ಕೆ 38 ಸೆಂ.ಮೀ. ಗ್ರಾಫ್ಟ್‌ನ ಉದ್ದಕ್ಕಿಂತಲೂ ಜಾಸ್ತಿ! ಆರ್ಟರಿ ತುದಿಯಲ್ಲಿ ಎದ್ದ ಸುಳಿಗಳು ವೇನ್ ತುದಿಯವರೆಗೂ ಬರಬಹುದು ಅಂತ ಅರ್ಥ. ಹಾಗಾಗಿ ಬರೀ ವೇನ್ ತುದಿಯನ್ನು ಕತ್ತರಿಸಿಕೊಂಡು, ಒಳಗೆ ಬರುವ ಕಡೆ ಪಠ್ಯಪುಸ್ತಕದ ಪ್ಯಾರಾಬೋಲಾ (ನಡುವೆ ವೇಗ ಜಾಸ್ತಿ, ಗೋಡೆಯಲ್ಲಿ ಸೊನ್ನೆ) ಹಾಕುವುದು ಕಲಿಯಲು ಸರಿ, ರೋಗಿಯೊಬ್ಬರ ಬಗ್ಗೆ ಮಾತಾಡಲು ಸಾಲದು. ಆಗ ಆರ್ಟರಿಯಿಂದ ಹಿಡಿದು ಪೂರ್ತಿ ಗ್ರಾಫ್ಟ್ ಬೇಕೇ ಬೇಕು.

ಸ್ಕ್ಯಾನ್‌ನಿಂದ ಮಾಡುವವರಿಗೆ ಎರಡು ಮಾತು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಒಪ್ಪಿಗೆ, ಹೆಸರು ಮತ್ತು ನಂಬರ್ ತೆಗೆದ ಡೈಕಾಮ್ (ಸ್ಕ್ಯಾನ್ ಚಿತ್ರದ) ಫೈಲ್‌ಗಳು ಇಲ್ಲದೆ ಶುರು ಮಾಡಬೇಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿಕೊಳ್ಳಿ. ಎರಡನೆಯದು, ನಿಮ್ಮ ಪ್ರಾಜೆಕ್ಟ್‌ಗೋಸ್ಕರ ಯಾರಿಗೂ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ರಕ್ತನಾಳ ಎದ್ದು ಕಾಣಲು ಕೊಡುವ ಮದ್ದು) ಚುಚ್ಚಿಸಬಾರದು. ಕಿಡ್ನಿ ಕೆಟ್ಟವರಲ್ಲಿ ಎಂಆರ್‌ಐಗೆ ಬಳಸುವ ಕೆಲವು ಬಗೆಯ ಗ್ಯಾಡೊಲಿನಿಯಂ ಕಾಂಟ್ರಾಸ್ಟ್ ಚರ್ಮ ಗಟ್ಟಿಯಾಗುವ ಗಂಭೀರ ಕಾಯಿಲೆ ತರಬಹುದು ಅನ್ನುವುದು ಗೊತ್ತಿರುವ ಸಂಗತಿ. ಚಿಕಿತ್ಸೆಗೆಂದು ಆಗಲೇ ಮಾಡಿರುವ ಸಿಟಿ ಆಂಜಿಯೋ ಸಿಕ್ಕರೆ ಬಳಸಿ. 3ಡಿ ಸ್ಲೈಸರ್‌ನಲ್ಲಿ ರಕ್ತದ ಭಾಗವನ್ನು ಬೇರ್ಪಡಿಸಿ, ಮೇಲ್ಮೈಯನ್ನು ಹಿತವಾಗಿ ನಯ ಮಾಡಿ, ಎಸ್‌ಟಿಎಲ್ (3ಡಿ ಮೇಲ್ಮೈಯ) ಫೈಲ್ ಮಾಡಿ. ನಯ ಮಾಡುವಾಗ ಕಿರಿದಾದ ಜಾಗವೇ ಮಾಯವಾಗುವ ಅಪಾಯ ಇದೆ. ನಯ ಮಾಡುವ ಮೊದಲು, ಮಾಡಿದ ನಂತರ, ಅತಿ ಸಣ್ಣ ವ್ಯಾಸ ಅಳೆದು ಬರೆದಿಡಿ.

ಎಸ್‌ಟಿಎಲ್ ಬರುವುದು ಮಿ.ಮೀ.ನಲ್ಲಿ, ಓಪನ್‌ಫೋಮ್‌ಗೆ ಬೇಕಿರುವುದು ಮೀಟರ್. ಒಂದು ಸಾವಿರದಿಂದ ಭಾಗಿಸುವುದು ಮರೆತರೆ 6 ಮೀಟರ್ ವ್ಯಾಸದ ರಕ್ತನಾಳ ಸಿಗುತ್ತದೆ.

4. ತುದಿಗಳಲ್ಲಿ ಏನು ಹೇಳಬೇಕು

ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಡುವ ಹಂತ ಇದು. ಹೆಚ್ಚಿನವರು ಅತಿ ಬೇಗ ಮುಗಿಸುವ ಹಂತವೂ ಇದೇ.

ಒಳಬರುವ ಹರಿವಿನ ಅಲೆ: ಅಂತರ್ಜಾಲದಲ್ಲಿ ಸಿಗುವ ಬ್ರೇಕಿಯಲ್ ಆರ್ಟರಿಯ ಅಲೆಯನ್ನು ಸುಮ್ನೆ ತಂದು ಹಾಕಬೇಡಿ. ಅದು ಆರೋಗ್ಯವಂತರದ್ದು. ಅದರಲ್ಲಿ ಬಡಿತದ ನಡುವೆ ಹರಿವು ಸೊನ್ನೆಗೆ ಬರುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ. ಗ್ರಾಫ್ಟ್ ಇರುವ ಕೈಯಲ್ಲಿ ಹಾಗಾಗುವುದಿಲ್ಲ. ಎದುರುಗಡೆ ಕಡಿಮೆ ಒತ್ತಡದ ವೇನ್ ಬಾಯಿ ತೆರೆದುಕೊಂಡಿರುವುದರಿಂದ ಹೃದಯ ಸಡಿಲವಾದಾಗಲೂ ರಕ್ತ ಜೋರಾಗಿ ಮುಂದೆ ಹರಿಯುತ್ತಲೇ ಇರುತ್ತದೆ. ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲಿ ಅಳೆದ ಅಲೆ ಸಿಕ್ಕರೆ ಅದೇ ಉತ್ತಮ.

ಆದರೆ ಡಾಪ್ಲರ್ ಹರಿವನ್ನು ಕಣ್ಣುಮುಚ್ಚಿ ನಂಬಬೇಡಿ. ಹರಿವು ಅಂದರೆ ವೇಗ ಗುಣಿಸು ಅಡ್ಡಕೊಯ್ತದ ವಿಸ್ತೀರ್ಣ. 5 ಮಿ.ಮೀ. ವ್ಯಾಸವನ್ನು 5.5 ಅಂತ ಅಳೆದರೆ ಹರಿವು ಶೇ. 21 ಜಾಸ್ತಿ ಬರುತ್ತದೆ. ಹಾಗಾಗಿ ಒಂದೇ ಹರಿವಿಗೆ ಲೆಕ್ಕ ಹಾಕಬೇಡಿ. 0.8, 1.0, 1.2 ಲೀಟರ್ ಮೂರಕ್ಕೂ ಓಡಿಸಿ.

ಹೊರಹೋಗುವ ಕಡೆ: ಆಕ್ಸಿಲರಿ ವೇನ್‌ನಲ್ಲಿ ಸ್ಥಿರ ಒತ್ತಡ ಸಾಕು. ಆರ್ಟರಿಯನ್ನೂ ಸೇರಿಸಿದ್ದರೆ ಜೋಡಣೆಯ ಆಚೆ, ಅಂಗೈ ಕಡೆ ಹೋಗುವ ಭಾಗಕ್ಕೆ ಸ್ಥಿರ ಒತ್ತಡ ಹಾಕಬೇಡಿ. ಅಲ್ಲಿ ಹರಿವು ಕಡಿಮೆ ಆಗಬಹುದು, ತಿರುಗಿ ಗ್ರಾಫ್ಟ್ ಕಡೆಗೇ ಬರಬಹುದು. ಬೆರಳು ತಣ್ಣಗಾಗಿ ನೋಯುವ 'ಸ್ಟೀಲ್' ತೊಂದರೆ ಬರುವುದು ಹೀಗೆಯೇ. ಅಲ್ಲಿ ಎರಡು ರೆಸಿಸ್ಟೆನ್ಸ್, ಒಂದು ಕೆಪಾಸಿಟೆನ್ಸ್ ಇರುವ ವಿಂಡ್‌ಕೆಸೆಲ್ ಮಾದರಿ ಹಾಕಿ (ಆಚೆಯ ನಾಳಗಳ ತಡೆ ಮತ್ತು ಹಿಗ್ಗುವಿಕೆಯನ್ನು ವಿದ್ಯುತ್ ಸರ್ಕ್ಯೂಟ್‌ನ ಹಾಗೆ ಹಿಡಿಯುವ ಮಾದರಿ ಅದು). ಸಿಮ್‌ವಾಸ್ಕುಲರ್‌ನಲ್ಲಿ ಇದು ಸಿದ್ಧವಾಗಿ ಸಿಗುತ್ತದೆ.

ಮೊದಲು ಕೇಳಿದ ಎರಡು ಪ್ರಶ್ನೆಗಳು ಇಲ್ಲಿ ಬೇರೆಯಾಗುತ್ತವೆ. ಕೋನ ಬದಲಾದಾಗ ವಾಲ್ ಶಿಯರ್ ಏನಾಗುತ್ತದೆ ಅಂತ ನೋಡಲು ಹರಿವನ್ನು 1 ಲೀಟರ್‌ಗೆ ಕಟ್ಟಿಹಾಕಬಹುದು. ಆದರೆ ದಾರಿ ಕಿರಿದಾದರೆ ಹರಿವು ಎಷ್ಟು ಇಳಿಯುತ್ತದೆ ಅನ್ನುವ ಪ್ರಶ್ನೆಗೆ ಹರಿವನ್ನೇ ಕಟ್ಟಿಹಾಕಿದರೆ ಅರ್ಥವೇ ಇಲ್ಲ, ಅಲ್ವಾ? ಅಲ್ಲಿ ಎರಡು ಕಡೆಯೂ ಒತ್ತಡ ಕೊಡಬೇಕು, ಮಾದರಿಯ ಹೊರಗಿರುವ ನಾಳಗಳನ್ನು ರೆಸಿಸ್ಟೆನ್ಸ್ ಆಗಿ ಸೇರಿಸಬೇಕು. 1 ಲೀಟರ್‌ಗೆ 87 ಮಿ.ಮೀ. ಇಳಿಯುತ್ತದೆ ಅಂದರೆ ಒಟ್ಟು ರೆಸಿಸ್ಟೆನ್ಸ್ ಲೀಟರ್-ಪ್ರತಿ-ನಿಮಿಷಕ್ಕೆ 87 ಮಿ.ಮೀ. ಕಿರಿದಾಗದ ಮಾದರಿಯನ್ನು ಒಮ್ಮೆ ಓಡಿಸಿ. ಅದರಲ್ಲಿ ಎಷ್ಟು ಇಳಿಯಿತು ನೋಡಿ. ಉಳಿದದ್ದನ್ನು ಎರಡು ತುದಿಗೆ ಹಂಚಿ. ಆಮೇಲೆ ಆ ರೆಸಿಸ್ಟೆನ್ಸ್ ಮುಟ್ಟದೆ ದಾರಿಯನ್ನು ಕಿರಿದು ಮಾಡುತ್ತಾ ಹೋಗಿ.

5. ರಕ್ತ, ಗೋಡೆ

ರಕ್ತ ನೀರಿನ ಹಾಗಲ್ಲ, ನಿಧಾನ ಹರಿದರೆ ಅದರ ಸ್ನಿಗ್ಧತೆ ಏರುತ್ತದೆ, ನಿಜ. ಆದರೆ ಗ್ರಾಫ್ಟ್ ಗೋಡೆಯ ಬಳಿ ಶಿಯರ್ ದರ (ಗೋಡೆಯಿಂದ ದೂರ ಹೋದಂತೆ ವೇಗ ಏರುವ ದರ) ಸೆಕೆಂಡಿಗೆ 780ರ ಆಸುಪಾಸು. 100 ದಾಟಿದರೆ ರಕ್ತ ಹೆಚ್ಚುಕಡಿಮೆ ಸಾಮಾನ್ಯ ದ್ರವದ ಹಾಗೆಯೇ. ಸ್ಥಿರ ಸ್ನಿಗ್ಧತೆಯಿಂದ ಶುರು ಮಾಡಿ. ಹೀಲ್ ಹಿಂದಿನ ಸತ್ತ ಮೂಲೆಯಲ್ಲಿ, ಕಟ್ಟಿಹಾಕಿದ ವೇನ್ ತುಂಡಿನಲ್ಲಿ ನಿಮಗೆ ಆಸಕ್ತಿ ಇದ್ದರೆ ಮಾತ್ರ ಶಿಯರ್ ದರದ ಜೊತೆ ಸ್ನಿಗ್ಧತೆ ಬದಲಾಗುವ ಕ್ಯಾರೋ ಮಾದರಿ ಬಳಸಿ: ತೀರಾ ನಿಧಾನದ ಸ್ನಿಗ್ಧತೆ 0.056, ತೀರಾ ವೇಗದ ಸ್ನಿಗ್ಧತೆ 0.00345, ಕಾಲಾಂಕ 3.313 ಸೆಕೆಂಡ್, ಘಾತಾಂಕ 0.3568 ಎಂಬ ನಾಲ್ಕು ಅಂಕಿಗಳು ಎಲ್ಲರೂ ಬಳಸುವಂಥವು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ರಕ್ತಹೀನತೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಹಿಮೋಗ್ಲೋಬಿನ್ ಸಾಮಾನ್ಯವಾಗಿ 10–11ರ ಬಳಿ ಇರುತ್ತದೆ. ರಕ್ತ ತೆಳು. ಸ್ನಿಗ್ಧತೆ 0.003 ಅಂತ ಹಿಡಿದರೆ ರೆನಾಲ್ಡ್ಸ್ 1070ರಿಂದ 1250ಕ್ಕೆ ಏರುತ್ತದೆ. ಕದಡುವ ಅಂಚಿನಲ್ಲಿರುವ ಹರಿವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆರೋಗ್ಯವಂತರ ಅಂಕಿ ಹಾಕಿ ಸುಂದರ ಕ್ಯಾರೋ ಮಾದರಿ ಕಟ್ಟುವುದಕ್ಕಿಂತ, ರೋಗಿಯ ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕೇಳಿಕೊಂಡು ಸ್ಥಿರ ಸ್ನಿಗ್ಧತೆ ಹಾಕುವುದು ಮೇಲು.

ಗೋಡೆ ಗಟ್ಟಿ ಅಂತ ಹಿಡಿಯಿರಿ. ಗ್ರಾಫ್ಟ್‌ಗೆ ಅದು ಸರಿಯೇ, ವೇನ್‌ಗೆ ಪೂರ್ತಿ ಸರಿ ಅಲ್ಲ.

6. ಮೆಶ್

ಮೆಶ್ ಅಂದರೆ ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದದ್ದು. ಅದಕ್ಕೆ ಓಪನ್‌ಫೋಮ್‌ನ ಸ್ನ್ಯಾಪಿಹೆಕ್ಸ್‌ಮೆಶ್ ಸಾಕು. ಗ್ರಾಫ್ಟ್‌ನಲ್ಲಿ 0.3 ಮಿ.ಮೀ. ಚೌಕ, ಜೋಡಣೆಯ ಸುತ್ತ 0.15. ಗೋಡೆಗೆ ಅಂಟಿದ ತೆಳು ಪದರಗಳು ಆರೇಳು ಇರಲಿ. ಮೊದಲ ಪದರ 0.02 ಮಿ.ಮೀ., ಒಂದೊಂದು ಪದರ ಹಿಂದಿನದಕ್ಕಿಂತ 1.2 ಪಟ್ಟು ದಪ್ಪ. ಇದು ಸುಮ್ನೆ ಹೇಳಿದ ಅಂಕಿ ಅಲ್ಲ. 2.75 ಪ್ಯಾಸ್ಕಲ್‌ಗೆ ಗೋಡೆಯ ಬಳಿಯ ಸ್ನಿಗ್ಧ ಉದ್ದ (ಗೋಡೆಗೆ ಅಂಟಿ, ಸ್ನಿಗ್ಧತೆಯೇ ಆಳುವ ತೆಳು ಜಾಗದ ಅಳತೆಗೋಲು) 0.065 ಮಿ.ಮೀ., ಕಿರಿದಾದ ಜಾಗದಲ್ಲಿ 20 ಪ್ಯಾಸ್ಕಲ್ ಬಂದರೆ 0.024. ಮೊದಲ ಪದರ ಇದಕ್ಕಿಂತ ತೆಳುವಾಗಿರಬೇಕು. ಜೋಡಣೆಯ ಚೂಪು ಮೂಲೆಯಲ್ಲಿ ಪದರಗಳು ಕುಸಿದು ಹೋಗುವುದು ಸಾಮಾನ್ಯ. ನಮಗೆ ಬೇಕಾದ ಜಾಗವೂ ಅದೇ. ಅದಕ್ಕೇ ಅಂಚನ್ನು ದುಂಡಗೆ ಮಾಡಿ ಅಂದದ್ದು.

7. ಓಡಿಸುವುದು

ಮೊದಲು ಬಡಿತ ಇಲ್ಲದೆ, ಸ್ಥಿರ ಹರಿವಿನಲ್ಲಿ, ಓಪನ್‌ಫೋಮ್‌ನ ಸಿಂಪಲ್‌ಫೋಮ್ ಓಡಿಸಿ. ಲೆಕ್ಕ ಒಂದು ಕಡೆ ನಿಲ್ಲದೆ ಅಲುಗಾಡುತ್ತಿದ್ದರೆ ಗಾಬರಿ ಬೇಡ. ಹರಿವೇ ನಿಲ್ಲಲು ಒಪ್ಪುತ್ತಿಲ್ಲ ಅನ್ನುವ ಸೂಚನೆಯೂ ಅದಾಗಿರಬಹುದು. ಆಮೇಲೆ ಸಮಯದ ಜೊತೆ ಬದಲಾಗುವ ಹರಿವಿಗಿರುವ ಪಿಂಪಲ್‌ಫೋಮ್‌ಗೆ ಹೋಗಿ.

ಟರ್ಬುಲೆನ್ಸ್ ಮಾದರಿ, ಅಂದರೆ ಕದಡುವಿಕೆಯನ್ನು ಅಂದಾಜಿನ ಸೂತ್ರದಲ್ಲಿ ಹಿಡಿಯುವ ವಿಧಾನ, ಯಾವುದು? ಎಲ್ಲೆಡೆ ಬಳಸುವ ಕೆ-ಎಪ್ಸಿಲಾನ್ ಬೇಡವೇ ಬೇಡ. ಪೂರ್ತಿ ಕದಡಿದ ಹರಿವಿಗೆ ಮಾಡಿದ್ದು ಅದು. ಇಲ್ಲಿ ಒಂದು ಜಾಗದಲ್ಲಿ ಮಾತ್ರ, ಬಡಿತದ ಒಂದು ಹೊತ್ತಿನಲ್ಲಿ ಮಾತ್ರ ಹರಿವು ಕದಡುತ್ತದೆ. ಅದನ್ನು ಅಂಟು ದ್ರವದ ಹಾಗೆ ಒರೆಸಿಬಿಟ್ಟರೆ ಥ್ರಿಲ್ ಮಾಯವಾಗುತ್ತದೆ. ಮಾದರಿ ಹಾಕದೆ, ಮೆಶ್ ಸಣ್ಣದು ಮಾಡಿ ನೇರವಾಗಿ ಬಿಡಿಸುವುದು ನನ್ನ ಸಲಹೆ. ಅಮೆರಿಕದ ಅರ್ಗಾನ್ ಪ್ರಯೋಗಾಲಯದಲ್ಲಿ ಪಾಲ್ ಫಿಶರ್ ಬೆಳೆಸಿದ ನೆಕ್5000 ಎಂಬ ಸ್ಪೆಕ್ಟ್ರಲ್ ಎಲಿಮೆಂಟ್ ಪ್ರೋಗ್ರಾಂ ಬಳಸಿ ಗ್ರಾಫ್ಟ್‌ನ ವೇನ್ ತುದಿಯನ್ನು ಹೀಗೇ ಲೆಕ್ಕ ಹಾಕಿದ್ದಾರೆ. ಅದು ದೊಡ್ಡ ಕಂಪ್ಯೂಟರ್ ಬೇಡುವ ಕೆಲಸ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಯಂತ್ರದ ಮೇಲೆ ಸಮಯ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ವೇನ್ ತುದಿ ಮಾತ್ರ ಇಟ್ಟುಕೊಂಡು ಲ್ಯಾಬ್‌ನ ವರ್ಕ್‌ಸ್ಟೇಷನ್‌ನಲ್ಲೇ ಕಲಿಯಬಹುದು.

ಸಮಯದ ಹೆಜ್ಜೆ: 0.15 ಮಿ.ಮೀ. ಚೌಕವನ್ನು 1.5 ಮೀಟರ್ ವೇಗದಲ್ಲಿ ದಾಟಲು 0.0001 ಸೆಕೆಂಡ್. ಅದಕ್ಕಿಂತ ದೊಡ್ಡ ಹೆಜ್ಜೆ ಇಡಬೇಡಿ. ಒಂದು ಬಡಿತ 0.8 ಸೆಕೆಂಡ್ ಅಂದರೆ 8000 ಹೆಜ್ಜೆ. ಮೊದಲ ಎರಡು ಮೂರು ಬಡಿತ ಎಸೆದುಬಿಡಿ. ಕದಡಿದ ಹರಿವಿನಲ್ಲಿ ಒಂದು ಬಡಿತ ಇನ್ನೊಂದರ ಹಾಗಿರುವುದಿಲ್ಲ. ಆದ್ದರಿಂದ ಉಳಿದದ್ದರಲ್ಲಿ ಹತ್ತಾದರೂ ಬಡಿತಗಳ ಸರಾಸರಿ ತೆಗೆಯಿರಿ.

ಓಪನ್‌ಫೋಮ್‌ನ ಈ ಲೆಕ್ಕದಲ್ಲಿ ಒತ್ತಡವೂ ವಾಲ್ ಶಿಯರ್ರೂ ಸಾಂದ್ರತೆಯಿಂದ ಭಾಗಿಸಿದ ರೂಪದಲ್ಲಿ ಬರುತ್ತವೆ. 0.0026 ಅಂತ ಕಂಡರೆ ಅದು 2.75 ಪ್ಯಾಸ್ಕಲ್. 1060ರಿಂದ ಗುಣಿಸಿ. ಒಳಗೆ ಕೊಡುವ ಸ್ನಿಗ್ಧತೆಯೂ ಹಾಗೆಯೇ ಭಾಗಿಸಿದ್ದಾಗಿರಬೇಕು: 0.0000033.

8. ನಂಬುವ ಮೊದಲು

ಜೋಡಣೆ ಇಲ್ಲದ ನೇರ ಕೊಳವೆಯಲ್ಲಿ ಇದೇ ಮೆಶ್, ಇದೇ ಸೆಟ್ಟಿಂಗ್ ಇಟ್ಟು, ಒಳಗೆ ಪ್ಯಾರಾಬೋಲಾ ಕೊಟ್ಟು ಓಡಿಸಿ. 2.75 ಬಂತಾ? ಬರದಿದ್ದರೆ ಮುಂದೆ ಹೋಗಬೇಡಿ. ಆಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಲ್ಲರಿಗೂ ಕೊಟ್ಟಿರುವ ನಾಜಲ್ ಮಾದರಿಯನ್ನು ಮಾಡಿ ನೋಡಿ. 12 ಮಿ.ಮೀ. ಕೊಳವೆ 4 ಮಿ.ಮೀ.ಗೆ ಕಿರಿದಾಗಿ ಮತ್ತೆ ಅಗಲವಾಗುತ್ತದೆ. ಕಿರಿದಾದ ಜಾಗದ ರೆನಾಲ್ಡ್ಸ್ 500ರಿಂದ 6500ರವರೆಗೆ ಐದು ಹರಿವಿಗೆ ಪ್ರಯೋಗದ ಅಳತೆಗಳಿವೆ. ನಮಗೆ 2000ದ್ದು ಮುಖ್ಯ, ಕಷ್ಟವೂ ಅದೇ.

ಮೆಶ್ ಮೂರು ಗಾತ್ರದಲ್ಲಿ ಮಾಡಿ. ವೇಗ ಬೇಗ ಹೊಂದಿಕೊಳ್ಳುತ್ತದೆ, ವಾಲ್ ಶಿಯರ್ ತಡವಾಗಿ. ಬರೀ ವೇಗ ನೋಡಿ "ಮೆಶ್ ಸಾಕು" ಅನ್ನುವವರನ್ನು ಗೈಡ್ ಆದವರು ಒಪ್ಪಬಾರದು.

ಅರ್ಧ ಕಿರಿದಾದ ಗ್ರಾಫ್ಟ್‌ಗೂ ಕಾಗದದ ಲೆಕ್ಕ ಇಟ್ಟುಕೊಳ್ಳಿ. 6 ಮಿ.ಮೀ. 3 ಆಗಿ, ಹರಿವು 1 ಲೀಟರ್ ಉಳಿದರೆ, ಸರಾಸರಿ ವೇಗ 2.36 ಮೀಟರ್. ಆ ಚಿಮ್ಮುವಿಕೆಯ ಒತ್ತಡ ಪಾದರಸದ 22 ಮಿ.ಮೀ. ಅಗಲವಾದ ಮೇಲೆ ಇದರ ಬಹುಪಾಲು ವಾಪಸ್ ಸಿಗುವುದಿಲ್ಲ. ನಿಮ್ಮ ಸಿಮ್ಯುಲೇಶನ್ 2 ಅಥವಾ 200 ತೋರಿಸಿದರೆ ಎಲ್ಲೋ ತಪ್ಪಿದೆ.

9. ಫಲಿತಾಂಶದಲ್ಲಿ ಏನು ನೋಡಬೇಕು

ಬಡಿತಗಳ ಸರಾಸರಿ ವಾಲ್ ಶಿಯರ್ ಮೊದಲನೆಯದು. ಎರಡನೆಯದು ಓಎಸ್‌ಐ, ಅಂದರೆ ಗೋಡೆಯನ್ನು ಉಜ್ಜುವ ದಿಕ್ಕು ಎಷ್ಟು ಅತ್ತಿತ್ತ ತಿರುಗುತ್ತದೆ ಅನ್ನುವ ಅಳತೆ. ಒಂದೇ ದಿಕ್ಕಾದರೆ 0, ಪೂರ್ತಿ ಹಿಂದೆ ಮುಂದೆ ಆದರೆ 0.5. ಮೂರನೆಯದು ಒಂದು ಬಿಂದುವಿನ ವೇಗವನ್ನು ಸಮಯದ ಗೆರೆಯಾಗಿ ಎಳೆದು, ಅದರಲ್ಲಿ ನೂರಾರು ಹರ್ಟ್ಜ್‌ನ ನಡುಕ ಇದೆಯಾ ಅಂತ ನೋಡುವುದು. ಗ್ರಾಫ್ಟ್ ಇರುವವರ ಕೈ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಭುಸುಗುಡುವ ಸದ್ದು ಕೇಳುತ್ತದೆ. ನಿಮ್ಮ ಗೆರೆ ಕನ್ನಡಿಯಷ್ಟು ನಯವಾಗಿದ್ದರೆ ಮೆಶ್ ಅಥವಾ ಸ್ಕೀಮ್ ಆ ನಡುಕವನ್ನು ನುಂಗಿದೆ ಅಂತ ಅನುಮಾನ ಪಡಿ.

ಹೀಲ್, ಟೋ, ಫ್ಲೋರ್ ಮೂರಕ್ಕೂ ಅಂಕಿಗಳನ್ನು ಬೇರೆ ಬೇರೆ ಬರೆಯಿರಿ. ಕಡಿಮೆ ಶಿಯರ್ ಕಂಡ ಜಾಗದಲ್ಲೇ ಗೋಡೆ ದಪ್ಪವಾಗುತ್ತದೆ ಅಂತ ಮಾತ್ರ ಬರೆಯಬೇಡಿ. ಕಡಿಮೆ ಶಿಯರ್, ಜಾಸ್ತಿ ಶಿಯರ್, ಕಂಪನ, ವೇನ್ ಮತ್ತು ಗ್ರಾಫ್ಟ್ ನಡುವೆ ಇರುವ ಗಡಸುತನದ ವ್ಯತ್ಯಾಸ, ಹೊಲಿಗೆಯ ಗಾಯ ಇವೆಲ್ಲ ಕೂಡಿ ಆಗುವ ಕೆಲಸ ಅದು. ಹರಿವಿನ ಲೆಕ್ಕ ಇದರಲ್ಲಿ ಒಂದು ಭಾಗ ಮಾತ್ರ ಹೇಳುತ್ತದೆ. ಕಿರಿದಾದ ಜಾಗ ಅಗಲ ಮಾಡಲು ಬಲೂನ್ ಹಾಕಬೇಕೋ ಬೇಡವೋ ಅನ್ನುವುದು ಡಾಕ್ಟರ್ ತೀರ್ಮಾನ.

10. ಸೂಜಿ ಯಾವಾಗ ಸೇರಿಸಬೇಕು

ವಾಪಸ್ ಬರುವ ರಕ್ತ ಸೂಜಿಯಿಂದ ಚಿಮ್ಮುವುದು ಸಣ್ಣ ವಿಷಯ ಅಲ್ಲ. ಸೂಜಿಯ ಒಳವ್ಯಾಸ 1.5 ಮಿ.ಮೀ. ಅಂತ ಹಿಡಿದು 300 ಮಿ.ಲೀ. ಬಿಟ್ಟರೆ ವೇಗ ಸೆಕೆಂಡಿಗೆ 2.8 ಮೀಟರ್. ಗ್ರಾಫ್ಟ್‌ನೊಳಗಿನ ವೇಗದ ಐದು ಪಟ್ಟು. ಆದರೂ ಮೊದಲ ಮಾದರಿಯಲ್ಲಿ ಸೂಜಿ ಬೇಡ. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ ಡಯಾಲಿಸಿಸ್ ಅಂದರೆ 168 ಗಂಟೆಯಲ್ಲಿ ಸೂಜಿ ಇರುವುದು 12 ಗಂಟೆ. ಸೂಜಿ ಇಲ್ಲದ ಲೆಕ್ಕ ಹದಕ್ಕೆ ಬಂದ ಮೇಲೆ, ಅದೇ ಕೇಸ್ ನಕಲು ಮಾಡಿ, ಸೂಜಿಯ ಬಾಯಿಯ ಸುತ್ತ ಮೆಶ್ 0.1 ಮಿ.ಮೀ.ಗೆ ಇಳಿಸಿ, ಸಮಯದ ಹೆಜ್ಜೆಯನ್ನು ಮೂರನೇ ಒಂದು ಭಾಗಕ್ಕೆ ತಂದು ಬೇರೆಯಾಗಿ ಓಡಿಸಿ.